ಸಾಸಲಿಗೆ ಹೋದ ತಂತಿ

ದೇವನಹಳ್ಳಿ ಅಂಚೆ ಕಚೇರಿಯ ವೆಂಕಟರಮಣಪ್ಪನನ್ನು ಊರವರು ತಂತಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ಮೇಷ್ಟ್ರು ಅಂದಮಾತ್ರಕ್ಕೆ ಆತ ಯಾವ ಮಗುವಿಗೂ ಅಕ್ಷರ ಕಲಿಸಿದವನಲ್ಲ. ಕಚೇರಿಯ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಬೆರಳಿನಿಂದ ಒತ್ತುವ ಹಿತ್ತಾಳೆಯ ಕೀ, ಅದರ ಪಕ್ಕದಲ್ಲಿ ಕಟಕಟ ಬಡಿದುಕೊಳ್ಳುವ ಸೌಂಡರು. ಇಷ್ಟರ ಮುಂದೆ ಕೂತು ಆತ ತನ್ನ ಪ್ರಾಯವನ್ನೆಲ್ಲ ಸವೆಸಿದ್ದ. ನಲವತ್ತು ದಾಟುವಷ್ಟರಲ್ಲಿ ಬೆನ್ನು ಬಾಗಿತ್ತು, ಬಲಗೈಯ ಮಣಿಕಟ್ಟು ಚಳಿಗೆ ಹಿಡಿದುಕೊಳ್ಳುತ್ತಿತ್ತು. ಆದರೆ ನಿಜವಾಗಿ ದಣಿದದ್ದು ಬೆನ್ನೂ ಅಲ್ಲ, ಕೈಯೂ ಅಲ್ಲ, ಕಿವಿ.

ಕಿವಿ ಯಾಕೆ ದಣಿಯಿತು ಎಂದು ಹೇಳಬೇಕಾದರೆ ಆ ತಂತಿಯ ಸಂಸಾರವನ್ನು ಸ್ವಲ್ಪ ಹೇಳಬೇಕು. ಬೆಂಗಳೂರಿನಿಂದ ಹೊರಟ ಒಂದೇ ಒಂದು ತಂತಿ ಯಲಹಂಕ, ದೇವನಹಳ್ಳಿ, ವಿಜಯಪುರ ಹಾದು ಶಿಡ್ಲಘಟ್ಟದವರೆಗೆ ಕಂಬದಿಂದ ಕಂಬಕ್ಕೆ ಹೋಗುತ್ತಿತ್ತು. ಊರಿಗೊಂದು ತಂತಿ ಎಳೆಯುವಷ್ಟು ಧಾರಾಳತನ ಸರ್ಕಾರಕ್ಕೆಲ್ಲಿಂದ ಬರಬೇಕು? ಹೀಗಾಗಿ ಯಾವ ಊರಿನವನು ಕೀ ಒತ್ತಿದರೂ ಎಲ್ಲ ಊರಿನ ಸೌಂಡರುಗಳೂ ಒಟ್ಟಿಗೇ ಬಡಿಯುತ್ತಿದ್ದವು. ಗೊಂದಲವಾಗದಿರಲೆಂದು ಊರೂರಿಗೂ ಎರಡೆರಡು ಅಕ್ಷರದ ಗುರುತು ಕೊಟ್ಟಿದ್ದರು. ಕಳಿಸುವವನು ಮೊದಲು ಯಾರು ಬೇಕೋ ಆ ಊರಿನ ಗುರುತು ಬಡಿಯಬೇಕು, ಆಮೇಲೆ ತನ್ನ ಊರಿನದು. ಕರೆಸಿಕೊಂಡವನು ಓಗೊಟ್ಟ ಮೇಲೆ ಸುದ್ದಿ. ಮಿಕ್ಕವರೆಲ್ಲ ಕೈ ಕಟ್ಟಿಕೊಂಡು ಕೂತಿರಬೇಕು. ಇಬ್ಬರು ಒಂದೇ ಹೊತ್ತಿಗೆ ಶುರುಮಾಡಿದರೋ, ಎರಡೂ ಸೇರಿ ಕಲಸುಮೇಲೋಗರ. ಆಗ ಇಬ್ಬರೂ ನಿಲ್ಲಿಸಿ, ಕೊಂಚ ತಾಳಿ, ಒಬ್ಬ ಇನ್ನೊಬ್ಬನಿಗೆ ದಾರಿ ಬಿಡಬೇಕು. ಸಾಮಾನ್ಯವಾಗಿ ಹೆಚ್ಚು ಸುಸ್ತಾದವನು ಬಿಡುತ್ತಿದ್ದ. ಅಂದರೆ, ಬಹಳ ಸಲ ವೆಂಕಟರಮಣಪ್ಪನೇ ಬಿಡುತ್ತಿದ್ದ.

ಈ ತಂತಿಯ ಮೇಲಿಲ್ಲದ ಊರಿಗೆ ಸುದ್ದಿ ಹೋಗಬೇಕಾದರೆ ಬೆಂಗಳೂರೇ ದಾರಿ. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಸೈಕಲ್ಲು ತುಳಿದುಕೊಂಡು ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸಾಗುವವರಿದ್ದರು. ತಂತಿಗೆ ಮಾತ್ರ ಆ ಅಡ್ಡದಾರಿ ಇಲ್ಲ. ಸುದ್ದಿ ಮೊದಲು ಬೆಂಗಳೂರಿಗೆ ಹೋಗಬೇಕು. ಅಲ್ಲೊಬ್ಬ ಅದನ್ನು ಕಾಗದಕ್ಕೆ ಇಳಿಸಿ, ಮೇಲೆ ಬರೆದಿರುವ ಊರಿನ ಹೆಸರನ್ನಷ್ಟೇ ನೋಡಿ, ದೊಡ್ಡಬಳ್ಳಾಪುರದ ತಂತಿ ಇರುವ ಮೇಜಿಗೆ ದಾಟಿಸಬೇಕು. ಒಳಗೆ ಮದುವೆಯಿದೆಯೋ ಮಸಣವಿದೆಯೋ ಅವನಿಗೆ ಬೇಡದ ಉಸಾಬರಿ. ಅವನಿಗೆ ಗೊತ್ತಿರಬೇಕಾದದ್ದು ಮುಂದಿನ ಮೇಜು ಯಾವುದು ಅನ್ನುವುದೊಂದೇ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗಾದರೂ ಸುದ್ದಿಯೇನೋ ತಲುಪುತ್ತಿತ್ತು.

ಬೇರೆಯವರ ವಿಳಾಸಕ್ಕೆ ಹೋಗುವುದನ್ನು ಕೇಳಿಸಿಕೊಳ್ಳಬೇಡ, ಕೇಳಿಸಿದರೂ ಬಾಯಿ ಬಿಡಬೇಡ ಅನ್ನುವುದು ಇಲಾಖೆಯ ನಿಯಮ. ಹೇಳುವವರಿಗೇನು, ಹೇಳಿದರು. ಕಣ್ಣಿಗಾದರೆ ರೆಪ್ಪೆಯಿದೆ, ಕಿವಿಗೇನಿದೆ? ಬೆಳಗಿನಿಂದ ಸಂಜೆಯವರೆಗೆ ಶಿಡ್ಲಘಟ್ಟದವರ ಬಾಣಂತನ, ಯಲಹಂಕದವರ ವರ್ಗಾವಣೆ, ವಿಜಯಪುರದ ರೇಷ್ಮೆ ಸಾಹುಕಾರರ ಧಾರಣೆ, ಎಲ್ಲವೂ ಆ ಕಟಕಟದಲ್ಲಿ ಹಾದುಹೋಗುತ್ತಿದ್ದವು. ಯಾವುದೂ ಅವನದಲ್ಲ. ಆದರೂ ಎಲ್ಲ ಅವನೊಳಗೆ ಒಂದಿಷ್ಟು ಕೆಸರು ಬಿಟ್ಟು ಹೋಗುತ್ತಿತ್ತು. ಮನೆಗೆ ಬಂದರೆ ಹೆಂಡತಿ ಸಪ್ಪಲಮ್ಮ ಒಲೆಯ ಮುಂದೆ ಮಾತಾಡುತ್ತಲೇ ಇರುತ್ತಿದ್ದಳು, ಇವನು ಗೋಡೆಗೆ ಒರಗಿ ಹೂಂ ಅನ್ನುತ್ತಿದ್ದ.

"ಏನಂದೆ ಹೇಳಿ ನೋಡಾನ?" ಅನ್ನುತ್ತಿದ್ದಳು ಅವಳು.

"ನನ್ ಕಿವಿ ಆಫೀಸ್ನಲ್ಲೇ ಉಳ್ಕೊಂಡದೆ ಕಣೇ."

ಹೋಗಲಿ, ಅದೊಂದು ಪಾಡು. ಇನ್ನೊಂದು ವಿಷಯ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ನಮ್ಮ ಸೀಮೆಯಲ್ಲಿ ಸತ್ತ ಸುದ್ದಿಯನ್ನು ಸತ್ತರು ಎಂದು ಯಾರೂ ತಂತಿ ಕೊಡುತ್ತಿರಲಿಲ್ಲ. ಓದಿದವರು ದಾರಿಯಲ್ಲಿ ಎದೆಯೊಡೆದುಕೊಂಡು ಬಿದ್ದಾರು ಅನ್ನುವ ಭಯ. ಅದಕ್ಕೆ "ಸೀರಿಯಸ್, ತಕ್ಷಣ ಹೊರಟು ಬನ್ನಿ" ಎಂದು ಕೊಡುವುದು ವಾಡಿಕೆ. ಕಿಟಕಿಗೆ ಬಂದು ತಡವರಿಸುವ ಹಳ್ಳಿಯವರಿಗೆ ವೆಂಕಟರಮಣಪ್ಪನೇ ಎಷ್ಟೋ ಸಲ ಹಾಗೆ ಬರೆದುಕೊಟ್ಟಿದ್ದ. ಕೊಡುವವರಿಗೂ ಗೊತ್ತು, ತಲುಪಿಸುವ ಪೇದೆಗೂ ಗೊತ್ತು, ಪಡೆಯುವವರಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಸೀರಿಯಸ್ ಅನ್ನುವ ತಂತಿ ಬಂತೆಂದರೆ ಮನೆಯಲ್ಲಿ ಓದಿ ಮುಗಿಸುವ ಮೊದಲೇ ಅಳು ಏಳುತ್ತಿತ್ತು. ಹಾಗಾದರೆ ನಿಜವಾಗಿ ಕಾಯಿಲೆ ಬಿದ್ದವರ ಸುದ್ದಿ ಹೇಗೆ ಕಳಿಸುವುದು? ಅದಕ್ಕೂ ಅದೇ ಮಾತು. ಬೇರೆ ಮಾತನ್ನು ಯಾರೂ ಮಾಡಿಟ್ಟಿರಲಿಲ್ಲ.

ವೆಂಕಟರಮಣಪ್ಪನ ಹುಟ್ಟೂರು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು. ಅಣ್ಣ ಆಂಜಿನಪ್ಪ ಅಲ್ಲೇ ಹೊಲ ನೋಡಿಕೊಂಡಿದ್ದ. ಅಕ್ಕ ಮುನಿತಾಯಮ್ಮನನ್ನು ವಿಜಯಪುರಕ್ಕೆ ಕೊಟ್ಟಿತ್ತು. ಭಾವ ಅಪ್ಪಯ್ಯಣ್ಣ ಮನೆಯ ಹಿತ್ತಲಿನಲ್ಲೇ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುತ್ತಿದ್ದ. ಆ ಬಿಸಿನೀರಿನ ಹಬೆಯಲ್ಲಿ, ಬೆಂದ ಹುಳುವಿನ ನಾತದಲ್ಲಿ ವರ್ಷಗಟ್ಟಲೆ ಕೂತು ಅಕ್ಕನಿಗೆ ದಮ್ಮು ಹತ್ತಿತ್ತು. ಆದರೂ ತಮ್ಮ ಬಂದನೆಂದರೆ ಎದ್ದು ಓಡಾಡಿ ಬಡಿಸುವವಳು. ವೆಂಕಟರಮಣಪ್ಪನಿಗೆ ಕಿವಿಯ ದಣಿವು ಇಳಿಯುತ್ತಿದ್ದದ್ದು ಆ ಮನೆಯ ಜಗಲಿಯ ಮೇಲೆ ಮಾತ್ರ. ಭಾನುವಾರ ರಜ ಸಿಕ್ಕಿದರೆ ಕೆಂಪು ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಅಕ್ಕನ ಕೈಯ ಸೊಪ್ಪಿನ ಸಾರುಂಡು, ಯಾರ ಮಾತನ್ನೂ ಕೇಳದೆ ನಿದ್ದೆ ಮಾಡಿ ಬರುತ್ತಿದ್ದ.

ಅದು ಮುರಿದುಬಿದ್ದದ್ದು ಒಂದು ಹೊಸತೊಡಕಿನ ದಿನ. ಯುಗಾದಿಯ ಮಾರನೇ ದಿನ, ಬಾಡೂಟ. ಎಲೆಯ ಮುಂದೆ ಕೂತಿದ್ದಾಗ ಭಾವ ಮೆಲ್ಲಗೆ ಶುರುಮಾಡಿದ. ಅವನು ತನ್ನ ನೂಲನ್ನೆಲ್ಲ ಮಾರುತ್ತಿದ್ದದ್ದು ವಿಜಯಪುರದ ಸಾಹುಕಾರ ಪಾಪಯ್ಯನಿಗೆ. ಪಾಪಯ್ಯನಿಗೆ ಬೆಂಗಳೂರಿನ ಧಾರಣೆ ತಂತಿಯಲ್ಲಿ ಬರುತ್ತಿತ್ತು. ಬಂದದ್ದನ್ನು ಆತ ಜೇಬಿಗೆ ಹಾಕಿಕೊಂಡು, ಏನಪ್ಪಾ, ಈ ವಾರವೂ ಬಿದ್ದುಹೋಯಿತು ಎಂದು ಮುಖ ಸಣ್ಣಗೆ ಮಾಡುತ್ತಿದ್ದ.

"ಆ ತಂತಿ ನಿನ್ ಕಿವಿ ಮೇಲೇ ತಾನೆ ಬರೋದು?" ಎಂದ ಅಪ್ಪಯ್ಯಣ್ಣ. "ಎಷ್ಟೂಂತ ಹೇಳ್ಬೇಡ. ಏರಿತ್ತಾ ಇಳಿದಿತ್ತಾ, ಅಷ್ಟೇ ಸಾಕು. ಬಾಯಿ ಬಿಡೋದೂ ಬ್ಯಾಡ, ತಲೆ ಆಡಿಸು."

ಏರಿತ್ತು. ಚೆನ್ನಾಗಿಯೇ ಏರಿತ್ತು. ಅಕ್ಕ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇವನು ತಲೆ ಎತ್ತಲಿಲ್ಲ, ಆಡಿಸಲೂ ಇಲ್ಲ.

"ಭಾವ, ಅದು ನನ್ ವಿಳಾಸಕ್ಕೆ ಬಂದಿದ್ದಲ್ಲ. ಇವತ್ತು ನಿಮಗೆ ಹೇಳಿದ್ರೆ ನಾಳೆ ಇನ್ನೊಬ್ಬರಿಗೂ ಹೇಳ್ಬೇಕಾಯ್ತದೆ. ನಂಗೆ ಕೇಳಿಸಿಲ್ಲ ಅಂತ ತಿಳ್ಕೊಳ್ಳಿ."

ಅಪ್ಪಯ್ಯಣ್ಣ ಊಟದ ನಡುವೆ ಎದ್ದುಬಿಟ್ಟ. ಕೈ ತೊಳೆಯುವ ಕಲ್ಲಿನ ಹತ್ತಿರ ನಿಂತು, ಇಡೀ ಬೀದಿಗೆ ಕೇಳುವ ಹಾಗೆ ಅಂದ. "ಕೇಳಿಸಿಲ್ವಾ? ಸರಿ ಬಿಡು. ಕಿವುಡ್ರಿಗೆ ನಮ್ಮನೇಲಿ ಕೆಲ್ಸ ಇಲ್ಲ. ನಾನಾಗಿ ಕರೆಯೋಗಂಟ ಈ ಹೊಸಿಲು ತುಳೀಬ್ಯಾಡ."

ಭಾವ ಕರೆಯಲಿಲ್ಲ. ಇವನು ಹೋಗಲಿಲ್ಲ. ಒಂದು ಯುಗಾದಿ ಹೋಗಿ ಇನ್ನೊಂದು ಬಂತು, ಅದೂ ಹೋಯಿತು. ಜಗಳವೆಂದರೆ ಮೊದಮೊದಲು ಬಿಸಿಯಿರುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಭಾನುವಾರಗಳಲ್ಲಿ ವೆಂಕಟರಮಣಪ್ಪ ಮನೆಯಲ್ಲೇ ಚಾಪೆ ಹಾಸಿಕೊಂಡು ಬಿದ್ದಿರುತ್ತಿದ್ದ. ನಿದ್ದೆ ಬರುತ್ತಿರಲಿಲ್ಲ. ತಾನು ಮಾಡಿದ್ದು ಸರಿ ಎಂದು ಅವನಿಗೆ ಗೊತ್ತಿತ್ತು. ಸರಿ ಮಾಡಿದವರಿಗೆ ನಿದ್ದೆ ಬರುತ್ತದೆ ಎಂದು ಯಾರು ಹೇಳಿದರೋ, ಅವರನ್ನು ಹುಡುಕಿ ಕೇಳಬೇಕು ಅನ್ನಿಸುತ್ತಿತ್ತು.

ಎಪ್ಪತ್ತೊಂದನೇ ಇಸವಿಯ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ, ವಿಜಯಪುರದವನು ಬೆಂಗಳೂರನ್ನು ಕರೆದ. ವಿಜಯಪುರದ ಕೀ ಹಿಡಿಯುತ್ತಿದ್ದವನು ದೊಡ್ಡಮುನಿಯಪ್ಪ ಎಂಬಾತ. ವೆಂಕಟರಮಣಪ್ಪ ಅವನ ಮುಖ ನೋಡಿದ್ದು ಕಡಿಮೆ, ಬೆರಳಿನ ನಡೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಬೆಂಗಳೂರು ಓಗೊಟ್ಟಿತು. ಅವಸರದ ಗುರುತು ಬಿತ್ತು. ಸಾವಿಗೂ ಕಾಯಿಲೆಗೂ ಅದೊಂದೇ ಗುರುತು. ವೆಂಕಟರಮಣಪ್ಪ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡ, ತನ್ನದಲ್ಲದ ಸುದ್ದಿಗೆ ಮಾಡುತ್ತಿದ್ದಂತೆ.

ವಿಳಾಸ ಹಾದುಹೋಯಿತು. ಆಂಜಿನಪ್ಪ, ಸಾಸಲು, ದೊಡ್ಡಬಳ್ಳಾಪುರ.

ಕಣ್ಣು ತೆರೆಯಿತು. ಮುನಿತಾಯಮ್ಮ ಸೀರಿಯಸ್. ತಕ್ಷಣ ಹೊರಟು ಬನ್ನಿ. ಕೊನೆಗೆ ಅಪ್ಪಯ್ಯಣ್ಣನ ಹೆಸರು.

ಅಷ್ಟಕ್ಕೇ ಮುಗಿಯಬಾರದೆ? ಬೆಂಗಳೂರಿನಲ್ಲಿ ಬರೆದುಕೊಳ್ಳುತ್ತಿದ್ದವನಿಗೆ ಹೆಸರು ಸರಿಯಾಗಿ ಸಿಕ್ಕಿರಲಿಲ್ಲ. ಮತ್ತೆ ಕಳಿಸು ಅಂದ. ದೊಡ್ಡಮುನಿಯಪ್ಪ ಅಕ್ಕನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ, ನಿಧಾನವಾಗಿ, ಇನ್ನೊಮ್ಮೆ ಬಡಿದ. ವೆಂಕಟರಮಣಪ್ಪ ಕೂತಲ್ಲೇ ಕೂತು ಅಷ್ಟನ್ನೂ ಕೇಳಿದ. ಬೆಂಗಳೂರು ಸಿಕ್ಕಿತು ಎಂದಿತು. ತಂತಿ ಸುಮ್ಮನಾಯಿತು.

ಅಕ್ಕ ಹೋದಳು. ಅವನಿಗೆ ಅದರಲ್ಲಿ ಅನುಮಾನವೇ ಬರಲಿಲ್ಲ. ಎಷ್ಟು ಜನರ ಸಾವಿಗೆ ತಾನೇ ಸೀರಿಯಸ್ ಎಂದು ಬರೆದುಕೊಟ್ಟವನು, ತನ್ನ ಮನೆಗೆ ಬಂದಾಗ ಅದನ್ನು ಬೇರೆ ಹೇಗೆ ಓದಿಯಾನು? ಕೀ ಎದುರಿಗೇ ಇತ್ತು. ವಿಜಯಪುರದ ಗುರುತು ಬಡಿದು, ದೊಡ್ಡಮುನಿಯಪ್ಪ, ಇದ್ದಾಳಾ ಹೋದಳಾ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಬೆರಳು ಕೀಯ ಮೇಲೆ ಹೋಯಿತು ಕೂಡ. ಆದರೆ ಕೇಳಿದರೆ ಬೆಂಗಳೂರಿನಿಂದ ಶಿಡ್ಲಘಟ್ಟದವರೆಗೆ ಎಲ್ಲರಿಗೂ ಗೊತ್ತಾಗುತ್ತದೆ, ದೇವನಹಳ್ಳಿಯವನು ಬೇರೆಯವರ ತಂತಿ ಕೇಳುತ್ತಾನೆ ಎಂದು. ಎಲ್ಲರೂ ಕೇಳುವವರೇ, ಆದರೆ ಯಾರೂ ಒಪ್ಪಿಕೊಂಡವರಿಲ್ಲ. ಬೆರಳು ಹಿಂದಕ್ಕೆ ಬಂತು.

ಆಮೇಲೆ ಅವನನ್ನು ಹಿಂಡಿದ್ದು ಇನ್ನೊಂದು ಯೋಚನೆ. ತಂತಿ ಅಣ್ಣನಿಗೆ ಹೋಗಿದೆ, ತನಗೆ ಬಂದಿಲ್ಲ. ದೇವನಹಳ್ಳಿ ನಡುದಾರಿಯಲ್ಲೇ ಇದ್ದರೂ ಭಾವ ಅವನ ಹೆಸರನ್ನು ಬಿಟ್ಟಿದ್ದಾನೆ. ಅಂದರೆ ಹೆಣ ನೋಡಲೂ ಬೇಡವೆಂದೇ? ತನಗೆ ಬರದ ಸುದ್ದಿಯನ್ನು ಹಿಡಿದುಕೊಂಡು ಹೋಗುವುದು ಹೇಗೆ? ಹೋದರೆ, ಅಂದು ಭಾವನ ಮುಂದೆ ಮುಚ್ಚಿಕೊಂಡ ಕಿವಿಯನ್ನು ಇಂದು ತೆರೆದ ಹಾಗೆ. ಹೋಗದಿದ್ದರೆ ಅಕ್ಕನ ಮುಖ ಇನ್ನಿಲ್ಲ. ಮದುವೆಗೆ ಕರೆಯದೆ ಹೋಗಬಾರದು, ಸಾವಿಗೆ ಕರೆಯುವವರೆಗೆ ಕಾಯಬಾರದು ಅನ್ನುತ್ತಾರೆ. ಆ ಮಾತೇ ಅವನನ್ನು ಕುರ್ಚಿಯಿಂದ ಎಬ್ಬಿಸಿತು.

ಪೋಸ್ಟ್‌ಮಾಸ್ಟರ್ ನರಸಿಂಹಯ್ಯನವರ ಮುಂದೆ ನಿಂತು, "ಸಾರ್, ವಿಜಯಪುರದಲ್ಲಿ ನಮ್ಮಕ್ಕ ತೀರ್ಕೊಂಡ್ರು. ರಜ ಬೇಕು," ಎಂದ.

"ಅಯ್ಯೋ. ಯಾವಾಗ ತಂತಿ ಬಂತ್ರೀ? ನನ್ ಮುಂದೆ ಯಾವ್ದೂ ಬರ್ಲಿಲ್ವಲ್ಲ."

"ಬಸ್ನಲ್ಲಿ ಬಂದ ಊರಿನವರು ಹೇಳಿದ್ರು."

ನರಸಿಂಹಯ್ಯನವರು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಅವರೂ ಹಿಂದೆ ಕೀ ಒತ್ತಿದವರೇ. ಏನೂ ಕೇಳದೆ ಎದ್ದು, ಅವನ ಕುರ್ಚಿಯಲ್ಲಿ ತಾವೇ ಹೋಗಿ ಕೂತರು.

ಮುತ್ತೈದೆಯಾಗಿ ಹೋದ ಹೆಣ್ಣಿಗೆ ತವರಿನ ಸೀರೆ ಉಡಿಸಿ ಕಳಿಸಬೇಕು. ಅಣ್ಣ ಸಾಸಲಿನಿಂದ ಯಾವಾಗ ಬರುವನೋ, ತಂತಿ ಬೆಂಗಳೂರು ಸುತ್ತಿ, ದೊಡ್ಡಬಳ್ಳಾಪುರದಿಂದ ಪೇದೆಯ ಸೈಕಲ್ಲು ಹತ್ತಿ ಯಾವಾಗ ತಲುಪುವುದೋ. ವೆಂಕಟರಮಣಪ್ಪ ಪೇಟೆ ಬೀದಿಯ ಜವಳಿ ಅಂಗಡಿಗೆ ಹೋಗಿ ಹಸಿರು ಅಂಚಿನ ಅರಿಶಿನ ಬಣ್ಣದ ಸೀರೆಯೊಂದನ್ನು ತೆಗೆಸಿದ. ಅಂಗಡಿಯ ಪಿಳ್ಳಣ್ಣ ಅಭ್ಯಾಸಬಲದಿಂದ ರವಿಕೆಯ ಕಣಕ್ಕೆ ಕೈ ಹಾಕಿದ.

"ಕಣ ಯಾವ ಬಣ್ಣದ್ದು ಕೊಡ್ಲಿ ಮೇಷ್ಟ್ರೇ?"

"ಕಣ ಬ್ಯಾಡ."

ಬದುಕಿರುವ ಹೆಣ್ಣಿಗೆ ಯಾರೂ ಕಣವಿಲ್ಲದೆ ಸೀರೆ ಒಯ್ಯುವುದಿಲ್ಲ. ಪಿಳ್ಳಣ್ಣನಿಗೆ ಅರ್ಥವಾಯಿತು. ಸೀರೆಯನ್ನು ಕಾಗದದಲ್ಲಿ ಸುತ್ತಿ, ಎರಡೂ ಕೈಯಲ್ಲಿ ಕೊಟ್ಟ. ಪಕ್ಕದಂಗಡಿಯಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ ಸಿಕ್ಕಿದವು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ವೆಂಕಟರಮಣಪ್ಪ ಅತ್ತ. ಅಳುವಾಗಲೂ ಕಣ್ಣು ರಸ್ತೆ ಪಕ್ಕದ ತಂತಿಕಂಬಗಳ ಮೇಲೇ ಇತ್ತು. ಅವು ಸಿಟ್ಟು ಬರುವಷ್ಟು ನೆಟ್ಟಗೆ ನಿಂತಿದ್ದವು.

ಅಕ್ಕನ ಬೀದಿಗೆ ಬಂದರೆ ಸಾವಿನ ಗುರುತೇ ಇಲ್ಲ. ಮನೆಯ ಮುಂದೆ ಜನರಿಲ್ಲ, ಬೆಂಕಿ ಹಾಕಿಲ್ಲ, ಬಿದಿರು ತಂದು ಒರಗಿಸಿಲ್ಲ. ಪಕ್ಕದ ಮನೆಯಲ್ಲಿ ನೂಲಿನ ರಾಟೆ ತನ್ನ ಪಾಡಿಗೆ ತಿರುಗುತ್ತಿತ್ತು. ಆಗಲೇ ಹೆಣ ಎತ್ತಿಬಿಟ್ಟರಾ ಎಂದು ಅವನು ಬಿರಬಿರನೆ ನಡೆದ. ಅಪ್ಪಯ್ಯಣ್ಣ ಜಗಲಿಯ ಮೇಲೆ ಒಬ್ಬನೇ ಕೂತಿದ್ದ. ತಲೆಗೂದಲು ಪೂರ್ತಿ ನರೆತಿತ್ತು. ಇವನನ್ನು ನೋಡಿ ಎದ್ದು ನಿಂತ.

"ನಿಂಗ್ಯಾರು ಹೇಳಿದ್ರು?"

ಬಸ್ಸಿನವರು ಹೇಳಿದರು ಅನ್ನುವ ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಒಂದೇ ದಿನಕ್ಕೆ ಎರಡು ಸಲ ಆ ಸುಳ್ಳನ್ನು ಹೇಳುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

"ಯಾರೂ ಹೇಳ್ಲಿಲ್ಲ ಭಾವ. ಅಣ್ಣನಿಗೆ ಹೋದ ತಂತಿ ಕೇಳಿಸ್ತು."

"ಓಹೋ. ನಿಂದಾದ್ರೆ ಕೇಳಿಸ್ತದೆ."

ಆ ಮಾತು ನ್ಯಾಯವಾಗಿತ್ತು. ವೆಂಕಟರಮಣಪ್ಪ ತಲೆ ಬಗ್ಗಿಸಿ, "ಮಣ್ಣಾದ್ರೂ ಹಾಕಿ ಹೋಗ್ತೀನಿ, ಬ್ಯಾಡ ಅನ್ಬೇಡಿ," ಎಂದ.

"ಯಾರಿಗೆ ಮಣ್ಣು?" ಎಂದ ಅಪ್ಪಯ್ಯಣ್ಣ.

ಒಳಗಿನಿಂದ ಕೆಮ್ಮು ಕೇಳಿಸಿತು. ಎಳೆದೆಳೆದು, ಕೊನೆಯಲ್ಲಿ ಸಿಳ್ಳೆಯಂತೆ ಸಣ್ಣಗಾಗುವ ದಮ್ಮಿನ ಕೆಮ್ಮು. ಅದು ಯಾರ ಕೆಮ್ಮೆಂದು ಯಾರೂ ಹೇಳಬೇಕಾಗಿರಲಿಲ್ಲ. ವೆಂಕಟರಮಣಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ.

"ನಿನ್ನೆಯಿಂದ ಉಸಿರು ಸಿಗ್ತಿಲ್ಲ ಅವ್ಳಿಗೆ," ಎಂದ ಭಾವ. ದನಿ ತಗ್ಗಿತ್ತು. "ಡಾಕ್ಟ್ರು, ಹೇಳೋಕಾಗಲ್ಲ, ಇರೋರನ್ನ ಕರೆಸ್ಕೊಳ್ಳಿ ಅಂದ್ರು. ಅದಕ್ಕೆ ಕೊಟ್ಟೆ ತಂತಿಯ."

"ಯಾರದು?" ಎಂದಿತು ಒಳಗಿನ ದನಿ.

ಅಪ್ಪಯ್ಯಣ್ಣ ಬಾಗಿಲು ಬಿಟ್ಟು ನಿಂತ. ಬಾ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

ಅಕ್ಕ ಗೋಡೆಗೆ ಒರಗಿ ದಿಂಬಿನ ಮೇಲೆ ಅರ್ಧ ಕೂತಿದ್ದಳು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ತಮ್ಮನನ್ನು ನೋಡಿ ನಕ್ಕಳು, ನಗುವಿಗೂ ಉಸಿರು ಸಾಲದೆ ಕೆಮ್ಮಿದಳು. ಇವನು ಕಾಗದದ ಕಟ್ಟನ್ನು ಬಚ್ಚಿಡಲು ಜಾಗ ಹುಡುಕಿದ. ಆದರೆ ಅವಳ ಕಣ್ಣು ಆಗಲೇ ಅದರ ಮೇಲೆ ಬಿದ್ದಿತ್ತು.

"ತವರಿಂದ ಸೀರೆ ಬಂದು ಎಷ್ಟು ದಿನ ಆಗಿತ್ತೋ. ಬಿಚ್ಚು, ನೋಡಾನ."

ಬಿಚ್ಚಿದ. ಬಿಚ್ಚದೆ ಏನು ಮಾಡಿಯಾನು? ಅವಳು ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು, ಬಳೆಗಳನ್ನು ಅಳತೆ ನೋಡಿದಳು, ಸೀರೆಯ ಮಡಿಕೆಗಳ ನಡುವೆ ಕೈಯಾಡಿಸಿದಳು. ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಸೀರೆಯನ್ನು ಮಡಿಲ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದಳು.

ಮಾರನೇ ಬೆಳಿಗ್ಗೆ ಸಾಸಲಿನವರು ಬಂದರು. ಬಂದರು ಅನ್ನುವುದಕ್ಕಿಂತ, ಕೇಳಿಸಿದರು. ಬೀದಿಯ ತುದಿಯಲ್ಲೇ ಹೆಂಗಸರ ಗೋಳು ಎದ್ದಿತು. ನಮ್ಮವ್ವಾ, ನಮ್ಮನ್ನೆಲ್ಲ ಬಿಟ್ಟು ಹೊಂಟೋದ್ಯಲ್ಲೇ ಎಂದು ರಾಗ ತೆಗೆದುಕೊಂಡು ನಾಲ್ಕಾರು ಜನ ಎದೆ ಬಡಿದುಕೊಂಡು ಬರುತ್ತಿದ್ದರು. ಹಿಂದೆ ಅಣ್ಣ ಆಂಜಿನಪ್ಪ, ಕೈಯಲ್ಲಿ ಚೆಂಡುಹೂವಿನ ಹಾರ. ವೆಂಕಟರಮಣಪ್ಪ ಎದ್ದುಬಿದ್ದು ಓಡಿಹೋಗಿ ಅಡ್ಡ ನಿಂತ.

"ಅಣ್ಣಾ, ನಿಲ್ಸು, ನಿಲ್ಸು! ಅಕ್ಕ ಇದ್ದಾಳೆ!"

"ಇದ್ದಾಳಾ?" ಆಂಜಿನಪ್ಪನಿಗೆ ಸಂತೋಷಕ್ಕಿಂತ ಮೊದಲು ಕೋಪ ಬಂತು. "ಸೀರಿಯಸ್ ಅಂತ ತಂತಿ ಕೊಟ್ಟಿದ್ರಲ್ಲೋ!"

"ಸೀರಿಯಸ್ಸೇ ಅಣ್ಣಾ."

ಅತ್ತಿಗೆ ಹಾರವನ್ನು ಗಂಡನ ಕೈಯಿಂದ ಕಿತ್ತುಕೊಂಡು ಯಾರದೋ ಮನೆಯ ಕಾಂಪೌಂಡಿನ ಆಚೆಗೆ ಎಸೆದಳು. ಅಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಮದುವೆಮನೆಗೆ ಬಂದವರಂತೆ ಒಬ್ಬರ ಹಿಂದೆ ಒಬ್ಬರು ಒಳಗೆ ಹೋದರು. ಮುನಿತಾಯಮ್ಮ ಎಲ್ಲವನ್ನೂ ಮಲಗಿದಲ್ಲಿಂದಲೇ ಕೇಳಿಸಿಕೊಂಡಿದ್ದಳು. "ಚೆನ್ನಾಗಿ ಅತ್ರಿ ಕಣ್ರೇ. ರಾಗ ಒಂಚೂರು ತಪ್ತು ಅಷ್ಟೇ," ಎಂದಳು. ಅಪ್ಪಯ್ಯಣ್ಣ ಕೂಡ ಆಚೆ ಮುಖ ತಿರುಗಿಸಿಕೊಂಡು ನಕ್ಕ.

ಮಧ್ಯಾಹ್ನ ಡಾಕ್ಟರು ಮತ್ತೊಂದು ಸೂಜಿ ಚುಚ್ಚಿ ಹೋದರು. ಉಸಿರು ಸ್ವಲ್ಪ ತಹಬಂದಿಗೆ ಬಂತು. ಸಾಸಲಿನವರು ಹಿತ್ತಲಿನಲ್ಲಿ ಊಟಕ್ಕೆ ಕೂತಾಗ ತಮ್ಮನೊಬ್ಬನೇ ಅಕ್ಕನ ಪಕ್ಕದಲ್ಲಿದ್ದ. ಅವಳು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನಿನ್ ಹೆಸರಿಗೂ ತಂತಿ ಕೊಡಿ ಅಂದಿದ್ರೆ ಅವ್ರು ಕೊಡ್ತಿರ್ಲಿಲ್ಲ. ಅದಕ್ಕೆ ನಾನೇ ಅಂದೆ, ಅಣ್ಣನಿಗೊಂದು ಕೊಡಿ ಸಾಕು, ಸಾಸಲಿಗೆ ಅಂತ."

ವೆಂಕಟರಮಣಪ್ಪ ಅವಳ ಹತ್ತಿರಕ್ಕೆ ಸರಿದು ಕೂತ.

"ಈ ಊರಿಂದ ಯಾವ ಊರಿಗೆ ಹೋದ್ರೂ ಮೊದ್ಲು ನಿನ್ ಕಿವಿ ದಾಟ್ಬೇಕಲ್ಲೋ. ನೀನೇ ಈ ಜಗಲಿ ಮೇಲೆ ಬಿದ್ಕೊಂಡು ಗೊಣಗ್ತಿದ್ದೆ, ಊರಿನ ಗೋಳೆಲ್ಲ ನನ್ ತಲೆ ಮೇಲೇ ಹಾಯ್ತದೆ ಅಂತ. ಅದನ್ನ ನೆಪ್ಪಿಟ್ಕೊಂಡಿದ್ದೆ."

"ಅಕ್ಕ, ನಾನು ನಿನ್ನೆ ಊಟಕ್ಕೆ ಹೋಗಿದ್ದಿದ್ರೆ? ಕೇಳಿಸದೆ ಇದ್ದಿದ್ರೆ?"

"ಅದೂ ಒಳ್ಳೇದೇ ಆಯ್ತಿತ್ತು." ಅವಳು ಉಸಿರಿಗಾಗಿ ಸ್ವಲ್ಪ ನಿಲ್ಲಿಸಿದಳು. "ನಿನ್ ಹೆಸರಿಗೇ ತಂತಿ ಕೊಟ್ಟು ನೀನು ಬರ್ದೆ ಹೋಗಿದ್ರೆ, ತಮ್ಮ ಬರ್ಲಿಲ್ಲ ಅಂತ ಹೊಟ್ಟೇಲಿಟ್ಕೊಂಡು ಸಾಯ್ಬೇಕಾಗಿತ್ತು. ಹಿಂಗಾದ್ರೆ, ಪಾಪ, ಅವ್ನಿಗೆ ಕೇಳಿಸ್ಲಿಲ್ಲ ಅಂದ್ಕೊಂಡು ನೆಮ್ಮದಿಯಾಗಿ ಹೋಗ್ತಿದ್ದೆ."

ಇವನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಯಾರ ಯಾರ ಸುದ್ದಿಯನ್ನೋ ದಾಟಿಸಿದವನಿಗೆ, ವಿಳಾಸವಿಲ್ಲದೆ ತನಗೇ ಬಂದ ತಂತಿ ಇದೊಂದೇ ಎಂದು ತಿಳಿದು ನಾಚಿಕೆಯೂ ದುಃಖವೂ ಒಟ್ಟಿಗೆ ಆದವು. ಅಕ್ಕನ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ಆದರೆ ಇನ್ನೊಂದು ಕೈ ದಿಂಬಿನ ಪಕ್ಕದ ಸೀರೆಯ ಮೇಲೆ ಹೋಯಿತು.

"ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬ್ಯಾಡ. ಇದ್ರ ಜೊತೆ ಕಣ ಇಲ್ಲ. ನೀನು ಬಂದಿದ್ದು ಸತ್ತೋಳ್ನ ನೋಡೋಕೆ. ಬದುಕವ್ಳೆ ಅಂತ ಗೊತ್ತಿದ್ದಿದ್ರೆ, ಅವ್ರು ಕರೀದೆ ನೀನು ಬರ್ತಿದ್ಯಾ?"

ವೆಂಕಟರಮಣಪ್ಪ ಬಾಯಿ ತೆರೆದ. ಬರ್ತಿದ್ದೆ ಅನ್ನುವುದು ಎಷ್ಟು ಹಗುರದ ಮಾತು, ಯಾರಾದರೂ ಹೇಳಿಬಿಡುತ್ತಿದ್ದರು. ಅವನಿಗೆ ಹೇಳಲಾಗಲಿಲ್ಲ. ಸಾವಾದರೆ ಯಾರೂ ತಡೆಯುವುದಿಲ್ಲ ಎಂದೇ ಅವನು ಬಸ್ಸು ಹತ್ತಿದ್ದು. ಅಕ್ಕ ಬದುಕಿದ್ದ ಆ ಎಲ್ಲ ಭಾನುವಾರಗಳಲ್ಲಿ ಇದೇ ಬಸ್ಸು ಇದೇ ರಸ್ತೆಯಲ್ಲಿ ಓಡಾಡುತ್ತಿತ್ತು.

"ಹೋಗ್ಲಿ ಬಿಡು," ಎಂದಳು ಅವಳು, ಅವನ ಮುಖ ನೋಡಲಾಗದೆ. "ಬದುಕಿರೋಳ್ನ ನೋಡೋಕೂ ಒಂದ್ಸಲ ಬಾ."

ಸಂಜೆಯ ಬಸ್ಸಿಗೆ ಅವನು ದೇವನಹಳ್ಳಿಗೆ ವಾಪಸಾದ. ಬೆಳಿಗ್ಗೆ ಎದ್ದು ಮತ್ತೆ ಅದೇ ಕುರ್ಚಿ, ಅದೇ ಕಟಕಟ. ಶಿಡ್ಲಘಟ್ಟದವನೂ ಯಲಹಂಕದವನೂ ಒಟ್ಟಿಗೇ ಬಡಿದು ಜಗಳವಾಡಿದರು, ಇವನು ಕೂತು ಕೇಳಿದ. ವಿಜಯಪುರದಿಂದ ಯಾರೇ ಬೆಂಗಳೂರನ್ನು ಕರೆದರೂ ಇವನು ಕುರ್ಚಿಯ ಅಂಚಿಗೆ ಸರಿದು ಕೇಳುತ್ತಿದ್ದ. ಅಕ್ಕನ ಸುದ್ದಿ ಬರಲಿಲ್ಲ. ಸುದ್ದಿ ಬರದಿದ್ದರೆ ಒಳ್ಳೆಯದೇ ಎಂದು ಜನ ಹೇಳುತ್ತಾರಲ್ಲ, ಹಾಗೆ ಸಮಾಧಾನ ಮಾಡಿಕೊಂಡ. ವಾರವಿಡೀ ಬೇಸಿಗೆಯ ಧಗೆ, ಮಣಿಕಟ್ಟಿನ ನೋವು. ಭಾನುವಾರ ಬಂದಾಗ ಮೈಯೆಲ್ಲ ಹಣ್ಣಾಗಿತ್ತು. ಸಪ್ಪಲಮ್ಮ ಚಾಪೆ ಹಾಸಿದಳು. ಅವನು ಅದನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತು, ಆಮೇಲೆ ಅಂಗಿ ತೊಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಹೊರಟ.

ಬಸ್ಸು ತಡವಾಯಿತು. ಕೂರಲು ಜಾಗ ಸಿಗಲಿಲ್ಲ. ದಾರಿಯುದ್ದಕ್ಕೂ ಅವನ ಮನಸ್ಸು ಹಿಂದಕ್ಕೆ ಎಳೆಯುತ್ತಲೇ ಇತ್ತು. ಕರೆದಿಲ್ಲ, ಹೇಳಿಕೆಯಿಲ್ಲ, ಯಾವ ನೆಪವೂ ಇಲ್ಲ, ಬಾಗಿಲಲ್ಲೇ ತಡೆದರೆ ಯಾವ ಮುಖ ಹೊತ್ತುಕೊಂಡು ತಿರುಗುವುದು? ಆದರೂ ವಿಜಯಪುರದಲ್ಲಿ ಇಳಿದ. ಬೀದಿಯ ಆ ತುದಿಯಿಂದಲೇ ಅಪ್ಪಯ್ಯಣ್ಣ ಜಗಲಿಯ ಮೇಲೆ ಕೂತು ನೂಲಿನ ಸಿಕ್ಕು ಬಿಡಿಸುತ್ತಿದ್ದುದು ಕಾಣಿಸಿತು. ಇವನು ಹತ್ತಿರ ಬಂದು ಮೆಟ್ಟಿಲ ಕೆಳಗೆ ನಿಂತ. ಭಾವ ತಲೆ ಎತ್ತಿದ. ಮುಖದಲ್ಲಿ ಗಾಬರಿ ಮೂಡಿತು, ಒಳಗೆ ಮಲಗಿದ್ದವಳ ಕಡೆ ಒಮ್ಮೆ ತಿರುಗಿ ನೋಡಿದ.

"ಈಗ್ಯಾವ ತಂತಿ ಬಂತೋ?"

"ಯಾವ್ದೂ ಬರ್ಲಿಲ್ಲ ಭಾವ," ಎಂದ ವೆಂಕಟರಮಣಪ್ಪ. "ಸುಮ್ನೆ ಬಂದೆ."

ಅಪ್ಪಯ್ಯಣ್ಣ ನೂಲಿನ ಬುಟ್ಟಿಯನ್ನು ಆಚೆ ಸರಿಸಿ, ಕೂರಲು ಜಾಗ ಮಾಡಿದ.